ಪ್ರೋಗ್ರಾಮರ್ ಸಿಕ್ಕರೂ ದೇವರು ಸಿಕ್ಕಂತಲ್ಲ: ಸಿಮ್ಯುಲೇಶನ್ ವಾದ ಮತ್ತು ಕ್ರೈಸ್ತ ನಂಬಿಕೆ

ನನ್ನ ಕಂಪ್ಯೂಟರಿನ ಪರದೆಯ ಮೇಲೆ ಚೌಕಳಿ ಹಾಳೆಯಂಥದ್ದೊಂದು ತೆರೆದಿದೆ. ಅದರಲ್ಲಿ ಐದು ಮನೆಗಳು ಕಪ್ಪು, ಉಳಿದವೆಲ್ಲ ಬಿಳಿ. ಗಣಿತಜ್ಞ ಜಾನ್ ಕಾನ್ವೇ ರೂಪಿಸಿದ, 1970ರಲ್ಲಿ ಬೆಳಕಿಗೆ ಬಂದ ‘ಗೇಮ್ ಆಫ್ ಲೈಫ್’ ಇದು. ನಿಯಮಗಳು ಒಂದು ಚೀಟಿಯಲ್ಲಿ ಹಿಡಿಯುತ್ತವೆ. ಕಪ್ಪು ಮನೆಯ ಸುತ್ತಲಿನ ಎಂಟು ಮನೆಗಳಲ್ಲಿ ಎರಡೋ ಮೂರೋ ಕಪ್ಪಾಗಿದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಅಳಿಯುತ್ತದೆ. ಬಿಳಿ ಮನೆಯ ಸುತ್ತ ಸರಿಯಾಗಿ ಮೂರು ಕಪ್ಪು ಮನೆಗಳಿದ್ದರೆ ಅದಕ್ಕೂ ಜೀವ ಬರುತ್ತದೆ. ಗುಂಡಿ ಒತ್ತಿದೆ. ಐದು ಮನೆಗಳ ಆಕಾರ ಮೈಮುರಿಯಿತು, ಬಾಗಿತು, ನಾಲ್ಕನೆಯ ಹೆಜ್ಜೆಗೆ ಮತ್ತೆ ಮೊದಲಿನ ರೂಪಕ್ಕೇ ಬಂತು. ಆದರೆ ಅಷ್ಟರಲ್ಲಿ ಅದು ಇಡಿಯಾಗಿ ಒಂದು ಮನೆ ಓರೆಗೆ ಸರಿದಿತ್ತು. ಇದಕ್ಕೆ ‘ಗ್ಲೈಡರ್’ ಎಂದು ಹೆಸರು. ಹೀಗೆಯೇ ತೆವಳುತ್ತ ತೆವಳುತ್ತ ಅದು ಪರದೆಯನ್ನೇ ದಾಟಿಬಿಡುತ್ತದೆ.

ತೊಂಬತ್ತೊಂಬತ್ತನೆಯ ಹೆಜ್ಜೆಗೆ ಆಟ ನಿಲ್ಲಿಸಿ ಎದ್ದು ಹೋದೆ. ಒಂದು ಗಂಟೆ ಬಿಟ್ಟು ಬಂದು ನೂರನೆಯ ಹೆಜ್ಜೆ ಇಡಿಸಿದೆ. ಗ್ಲೈಡರಿನ ಲೋಕದಲ್ಲಿ ಆ ಒಂದು ಗಂಟೆ ನಡೆದೇ ಇಲ್ಲ. ಅಲ್ಲಿ ತೊಂಬತ್ತೊಂಬತ್ತರ ಬೆನ್ನಿಗೇ ನೂರು ಬಂದಿದೆ. ಅದಕ್ಕೆ ಬುದ್ಧಿಯಿದ್ದು ನನ್ನನ್ನು ಹುಡುಕಲು ಹೊರಟಿತು ಎಂದುಕೊಳ್ಳೋಣ. ಹಾಳೆಯ ಯಾವ ಮನೆಯನ್ನು ತಡಕಿದರೂ ನಾನು ಸಿಗುವುದಿಲ್ಲ. ಆದರೂ ಯಂತ್ರ ಆರಿಸಿದರೆ ಅದರ ಲೋಕವೇ ಇಲ್ಲ.

ನಾವೂ ಹಾಗೆಯೇ ಯಾರದೋ ಪರದೆಯ ಮೇಲಿನ ಆಕಾರಗಳಾಗಿದ್ದರೆ? ಹಾಗಾದರೆ ಬೈಬಲ್ ಹೇಳುವ ಸೃಷ್ಟಿಕರ್ತ ಯಾರು? ಈ ಪ್ರಶ್ನೆ ಕೇಳುವವರಲ್ಲಿ ಕೆಲವರು ಸಂತೋಷದಿಂದಲೇ ಕೇಳುತ್ತಾರೆ: ವಿಜ್ಞಾನ ಕೊನೆಗೂ ಸೃಷ್ಟಿಕರ್ತನ ಬಾಗಿಲಿಗೆ ಬಂತಲ್ಲ! ಇನ್ನು ಕೆಲವರು ಅಂಜಿಕೆಯಿಂದ ಕೇಳುತ್ತಾರೆ: ನಾವು ಪ್ರಾರ್ಥಿಸುತ್ತಿರುವುದು ಯಾರೋ ಎಂಜಿನಿಯರನನ್ನೇ? ನನ್ನ ಮಟ್ಟಿಗೆ ಎರಡು ಗುಂಪುಗಳೂ ಒಂದೇ ತಪ್ಪು ಮಾಡುತ್ತಿವೆ. ಪ್ರೋಗ್ರಾಮರನನ್ನು ಕೂರಿಸಬಾರದ ಪೀಠದಲ್ಲಿ ಕೂರಿಸಿ ಮಾತು ಶುರುಮಾಡುತ್ತಿವೆ.

ಮೊದಲು ವಾದವೇನೆಂದು ನೋಡೋಣ. ಅದಕ್ಕೆ ಇಂದಿನ ರೂಪ ಕೊಟ್ಟವರು ತತ್ತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಾಮ್, 2003ರ ಪ್ರಬಂಧವೊಂದರಲ್ಲಿ. ‘ನಾವು ಕಂಪ್ಯೂಟರಿನೊಳಗೆ ಇದ್ದೇವೆ’ ಎಂದು ಅವರು ಹೇಳಿದರು ಎಂಬುದು ಜನಜನಿತವಾದ ಮಾತು. ಅವರು ಹೇಳಿದ್ದು ಅದಕ್ಕಿಂತ ಎಚ್ಚರದ ಮಾತು: ಮೂರು ಸಂಗತಿಗಳಲ್ಲಿ ಒಂದಾದರೂ ನಿಜವಾಗಿರಲೇಬೇಕು. ನಮ್ಮಂಥ ನಾಗರಿಕತೆಗಳು ಅಪಾರವಾದ ಗಣನಶಕ್ತಿ ಗಳಿಸುವ ಮೊದಲೇ ಬಹುಪಾಲು ಅಳಿದುಹೋಗುತ್ತಿರಬೇಕು. ಇಲ್ಲವೇ ಆ ಮಟ್ಟ ಮುಟ್ಟಿದವರಿಗೆ ತಮ್ಮ ಪೂರ್ವಜರ ಬದುಕನ್ನು ಕಂಪ್ಯೂಟರಿನಲ್ಲಿ ಮತ್ತೆ ನಡೆಸಿನೋಡುವ ಆಸಕ್ತಿ ಇಲ್ಲದಿರಬೇಕು. ಈ ಎರಡೂ ಸುಳ್ಳಾದರೆ ನಾವೇ ಅಂಥ ಸಿಮ್ಯುಲೇಶನ್ ಒಂದರಲ್ಲಿರುವುದು ಹೆಚ್ಚುಕಡಿಮೆ ಖಚಿತ.

ಮೂರನೆಯದರ ಹಿಂದಿರುವುದು ಎಣಿಕೆಯ ಬಲ. ಮನುಕುಲದ ಇಡೀ ಮಾನಸಿಕ ಇತಿಹಾಸವನ್ನು ನಡೆಸಲು 1ರ ಮುಂದೆ 33ರಿಂದ 36 ಸೊನ್ನೆ ಹಾಕಿದರೆ ಬರುವಷ್ಟು ಗಣನಕ್ರಿಯೆಗಳು ಸಾಕು ಎಂದು ಬೋಸ್ಟ್ರಾಮ್ ಅಂದಾಜಿಸಿದರು. ಒಂದು ಗ್ರಹದಷ್ಟು ದೊಡ್ಡ ಕಂಪ್ಯೂಟರ್ ಒಂದೇ ಸೆಕೆಂಡಿನಲ್ಲಿ 42 ಸೊನ್ನೆಗಳಷ್ಟು ಕ್ರಿಯೆ ಮಾಡಬಲ್ಲದು. ಅಂದರೆ ಅಂಥ ಯಂತ್ರವಿದ್ದವರಿಗೆ ನಮ್ಮ ಇಡೀ ಚರಿತ್ರೆ ಕಣ್ಣುರೆಪ್ಪೆ ಬಡಿಯುವುದಕ್ಕಿಂತ ಹಗುರವಾದ ಕೆಲಸ. ಅವರು ಅದನ್ನು ಲಕ್ಷ ಸಲ ಮಾಡಿದರೆ ನಿಜವಾದ ಚರಿತ್ರೆ ಒಂದು, ನಕಲುಗಳು ಲಕ್ಷ. ನಾವು ಯಾವುದರಲ್ಲಿ ಇರುವ ಸಾಧ್ಯತೆ ಹೆಚ್ಚು? ನಾವು ಮೂಲ ವಾಸ್ತವದಲ್ಲಿರುವ ಸಾಧ್ಯತೆ ನೂರಾರು ಕೋಟಿಯಲ್ಲಿ ಒಂದು ಎಂದು ಇಲಾನ್ ಮಸ್ಕ್ 2016ರಲ್ಲಿ ಹೇಳಿದ್ದು ಈ ಎಣಿಕೆಯ ಧಾಟಿಯಲ್ಲೇ.

ಆದರೆ ಇಷ್ಟು ದೊಡ್ಡ ವಾದ ಒಂದೇ ಮೊಳೆಗೆ ತೂಗುಹಾಕಿಕೊಂಡಿದೆ. ಲೆಕ್ಕಾಚಾರ ಸರಿಯಾಗಿ ನಡೆದರೆ ಸಾಕು, ಅದು ಮೆದುಳಿನಲ್ಲಿ ನಡೆಯಲಿ, ಸಿಲಿಕಾನಿನಲ್ಲಿ ನಡೆಯಲಿ, ಅಲ್ಲಿ ಪ್ರಜ್ಞೆ ಹುಟ್ಟುತ್ತದೆ ಎಂಬುದೇ ಆ ಮೊಳೆ. ಇದನ್ನು ಬೋಸ್ಟ್ರಾಮ್ ಸಾಧಿಸಿ ತೋರಿಸಿಲ್ಲ. ಇಟ್ಟುಕೊಂಡು ಹೊರಟಿದ್ದಾರೆ, ಅದನ್ನು ಮುಚ್ಚಿಟ್ಟೂ ಇಲ್ಲ. ಭೌತವಿಜ್ಞಾನದ ಕಡೆಯಿಂದ ಪರೀಕ್ಷಿಸುವ ದಾರಿಯನ್ನೂ ಕೆಲವರು ಹುಡುಕಿದ್ದಾರೆ. ದೇಶವೇ (ವಸ್ತುಗಳೆಲ್ಲ ಇರುವ ಸ್ಪೇಸ್) ಚೌಕಳಿಗಳಿಂದ ಆಗಿದ್ದರೆ ಅತ್ಯಂತ ಹೆಚ್ಚಿನ ಶಕ್ತಿಯ ವಿಶ್ವಕಿರಣಗಳು ಬರುವ ದಿಕ್ಕುಗಳಲ್ಲಿ ಅದರ ಗುರುತು ಕಾಣಬಹುದು ಎಂದು 2012ರಲ್ಲಿ ಮೂವರು ಭೌತವಿಜ್ಞಾನಿಗಳು ಬರೆದರು. ಅಂಥ ಗುರುತು ಸಿಕ್ಕಿಲ್ಲ. ಹಾಗಾಗಿ ಯಾವ ಕ್ರೈಸ್ತನೂ ಈ ವಾದವನ್ನು ಒಪ್ಪಲೇಬೇಕಾದ ಇಕ್ಕಟ್ಟಿನಲ್ಲಿಲ್ಲ. ಕೇಳಬೇಕಾದದ್ದು ಬೇರೆ: ಒಂದು ವೇಳೆ ಅದು ನಿಜವಾಗಿದ್ದರೆ ನಂಬಿಕೆಯ ಯಾವ ಭಾಗ ಕುಸಿಯುತ್ತದೆ?

ಸೃಷ್ಟಿಯ ಭಾಗ ಕುಸಿಯುವುದಿಲ್ಲ. ಬಹಳ ಮಂದಿ ಮೊದಲು ಹೆದರುವುದು ಇಲ್ಲಿಗೇ ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಲೋಕವನ್ನು ಸೃಷ್ಟಿಸುವ ಮೊದಲು ದೇವರು ಏನು ಮಾಡುತ್ತಿದ್ದನು ಎಂದು ಕೇಳುತ್ತಿದ್ದವರಿಗೆ ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಸಂತ ಅಗಸ್ಟೀನ್ ಕೊಟ್ಟ ಉತ್ತರ, ಕಾಲವೂ ಸೃಷ್ಟಿಯಾದದ್ದೇ, ಆದ್ದರಿಂದ ‘ಮೊದಲು’ ಎಂಬ ಮಾತೇ ಅಲ್ಲಿ ಸಲ್ಲದು ಎಂಬುದು. ನಾನು ಎದ್ದುಹೋದ ಆ ಒಂದು ಗಂಟೆ ಗ್ಲೈಡರಿನ ಲೆಕ್ಕಕ್ಕೆ ಬರದೇ ಹೋದದ್ದನ್ನು ನೋಡಿದ ಮೇಲೆ ಅಗಸ್ಟೀನರ ಮಾತು ನನಗೆ ಹಿಂದೆಂದಿಗಿಂತ ಹತ್ತಿರವಾಯಿತು.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಇನ್ನೂ ಮುಂದೆ ಹೋಗುತ್ತಾರೆ. ಬಡಗಿ ಮನೆ ಕಟ್ಟಿ ಹೊರಟುಹೋದರೂ ಮನೆ ನಿಂತಿರುತ್ತದೆ. ದೇವರು ಮತ್ತು ಲೋಕದ ಸಂಬಂಧ ಅಂಥದ್ದಲ್ಲ. ಸೂರ್ಯನ ಬೆಳಕಿನಿಂದ ಗಾಳಿ ಬೆಳಗುತ್ತದೆ. ಸೂರ್ಯ ಮರೆಯಾದರೆ ಗಾಳಿ ತಾನಾಗಿ ಬೆಳಕನ್ನು ಹಿಡಿದಿಟ್ಟುಕೊಳ್ಳಲಾರದು. ಇರುವ ಪ್ರತಿಯೊಂದೂ ಪ್ರತಿಕ್ಷಣವೂ ಹಾಗೆಯೇ ದೇವರಿಂದ ಇರುವಿಕೆಯನ್ನು ಪಡೆಯುತ್ತಿದೆ ಎಂದು ಅವರು ವಿವರಿಸಿದರು. ಸಮಸ್ತವೂ ಕ್ರಿಸ್ತನಲ್ಲಿ ನೆಲೆನಿಂತಿದೆ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿದೆ. ‘ಆತನಲ್ಲಿಯೇ ಜೀವಿಸುತ್ತೇವೆ, ಚಲಿಸುತ್ತೇವೆ, ಇರುತ್ತೇವೆ’ ಎಂದು ಪೌಲನು ಅಥೇನೆಯಲ್ಲಿ ಸಾರಿದನು. ನಮ್ಮ ಲೋಕ ಸ್ವಂತ ಕಾಲಮೇಲೆ ನಿಂತಿಲ್ಲ, ಕಾಣದ ಆಧಾರವೊಂದು ಇದನ್ನು ಹಿಡಿದಿದೆ ಎಂಬ ಮಾತು ಸಿಮ್ಯುಲೇಶನ್ ವಾದಿಗೆ ಹೊಸದೆನಿಸಬಹುದು. ಪ್ರತಿ ಭಾನುವಾರ ವಿಶ್ವಾಸಪ್ರಮಾಣ (ಕ್ರೈಸ್ತ ನಂಬಿಕೆಯ ಸಾರವನ್ನು ಸಾರುವ ಹೇಳಿಕೆ) ಹೇಳುವವನಿಗೆ ಅದು ಹಳೆಯ ಮಾತು.

ಇನ್ನೊಂದು ಅಂಜಿಕೆ, ನಾವು ಮುಟ್ಟುವ ಕಲ್ಲು, ಕುಡಿಯುವ ನೀರು ಎಲ್ಲವೂ ಬರೀ ಬಿಟ್‌ಗಳಾದರೆ, ಅಂದರೆ ಕಂಪ್ಯೂಟರಿನ ಸೊನ್ನೆ-ಒಂದುಗಳಾದರೆ, ಲೋಕವೇ ಸುಳ್ಳಲ್ಲವೇ ಎಂಬುದು. ಕನ್ನಡದಲ್ಲಿ ಇದನ್ನು ಮಾತಾಡಲು ಹೊರಟ ಕೂಡಲೇ ‘ಮಾಯೆ’ ಎಂಬ ಪದ ತಾನಾಗಿ ನಾಲಿಗೆಗೆ ಬಂದು ಕೂರುತ್ತದೆ. ಇಲ್ಲಿ ಅದು ಸಹಾಯಕ್ಕಿಂತ ತೊಡಕನ್ನೇ ತರುತ್ತದೆ. ಸಿಮ್ಯುಲೇಶನ್ ವಾದ ಹೇಳುವುದು ಕಲ್ಲು ಯಾವುದರಿಂದ ಆಗಿದೆ ಎಂಬುದನ್ನು. ಕಲ್ಲು ಇದೆಯೋ ಇಲ್ಲವೋ ಎಂಬುದನ್ನಲ್ಲ. ಪರಮಾಣುವಿನ ಒಳಗೆ ಬಹುಪಾಲು ಬರಿದೇ ಎಂದು ರುದರ್‌ಫರ್ಡ್ 1911ರಲ್ಲಿ ತೋರಿಸಿಕೊಟ್ಟಾಗ ಯಾರ ಮನೆಯ ಗೋಡೆಯೂ ಸುಳ್ಳಾಗಲಿಲ್ಲ. ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ 2022ರ ತಮ್ಮ ಪುಸ್ತಕದಲ್ಲಿ ಇದನ್ನೇ ಬಿಡಿಸಿ ಹೇಳುತ್ತಾರೆ: ನಾವು ಸಿಮ್ಯುಲೇಶನ್‌ನಲ್ಲಿದ್ದರೂ ಮೇಜು ಕುರ್ಚಿಗಳು ನಿಜವಾದ ಮೇಜು ಕುರ್ಚಿಗಳೇ, ಅವುಗಳ ಆಳದ ಹುರುಳು ಮಾಹಿತಿಯಾಗಿರುತ್ತದೆ ಅಷ್ಟೇ.

ಕ್ರೈಸ್ತ ಸಭೆಯ ಚರಿತ್ರೆಯಲ್ಲೇ ಇದಕ್ಕಿಂತ ಧೈರ್ಯದ ಮಾತೊಂದಿದೆ. ಜಡದ್ರವ್ಯ ಎಂಬುದು ಇಲ್ಲವೇ ಇಲ್ಲ, ಇರುವುದೆಂದರೆ ಮನಸ್ಸುಗಳು ಮತ್ತು ಅವುಗಳ ಗ್ರಹಿಕೆಗಳು, ಇವನ್ನು ನಮಗೆ ಕ್ರಮವಾಗಿ ಕೊಡುತ್ತಿರುವವನು ದೇವರು ಎಂದು ಜಾರ್ಜ್ ಬರ್ಕ್ಲಿ 1710ರಲ್ಲಿ ಬರೆದರು. ಅನೇಕರು ನಕ್ಕರು. ಆದರೆ ಸಭೆ ಅವರನ್ನು ಹೊರಗೆ ಹಾಕಲಿಲ್ಲ. 1734ರಲ್ಲಿ ಐರ್ಲೆಂಡಿನ ಕ್ಲಾಯ್ನ್ ಎಂಬಲ್ಲಿ ಬಿಷಪ್ ಆಗಿ ಅಭಿಷೇಕ ಮಾಡಿತು. ಲೋಕದ ತಳದಲ್ಲಿರುವುದು ಕಣವೋ ಗ್ರಹಿಕೆಯೋ ಬಿಟ್ಟೋ ಎಂಬುದನ್ನು ಕ್ರೈಸ್ತ ಮತ ಎಂದೂ ತನ್ನ ವಿಶ್ವಾಸಪ್ರಮಾಣದಲ್ಲಿ ಬರೆದುಕೊಂಡಿಲ್ಲ.

ಇಲ್ಲಿಯವರೆಗೆ ದಾರಿ ಸಲೀಸು. ಈಗ ಆ ಪ್ರೋಗ್ರಾಮರನ ಬಳಿಗೆ ಬರೋಣ.

ನನ್ನ ಪರದೆಯ ಆಟಕ್ಕೇ ಮರಳಿದರೆ, ಅದನ್ನು ನಾನು ‘ಸೃಷ್ಟಿಸಿದೆ’ ಎನ್ನುವುದು ದೊಡ್ಡ ಮಾತಾಯಿತು. ಯಂತ್ರವನ್ನು ನಾನು ಮಾಡಲಿಲ್ಲ, ಅದರೊಳಗೆ ಹರಿಯುವ ವಿದ್ಯುತ್ತು ನನ್ನದಲ್ಲ. ಎರಡಕ್ಕೆ ಒಂದು ಸೇರಿಸಿದರೆ ಮೂರೇ ಆಗಬೇಕೆಂದು ಕಟ್ಟುಮಾಡಿದವನೂ ನಾನಲ್ಲ. ಇದ್ದದ್ದನ್ನು ಜೋಡಿಸಿದೆ. ಮಧ್ಯೆ ನನಗೇ ಏನಾದರೂ ಆದರೆ ಆಟ ತನ್ನ ಪಾಡಿಗೆ ಓಡುತ್ತಿರುತ್ತದೆ, ಏಕೆಂದರೆ ಅದನ್ನು ನಿಜವಾಗಿ ಹಿಡಿದಿರುವುದು ನಾನಲ್ಲ. ಗ್ರಹದಷ್ಟು ದೊಡ್ಡ ಕಂಪ್ಯೂಟರಿನ ಮುಂದೆ ಕುಳಿತವನ ಪಾಡೂ ಇದೇ. ಅವನಿಗೂ ಒಂದು ದೇಶವಿದೆ, ಕಾಲವಿದೆ, ಅವನೂ ಒಂದು ದಿನ ಶುರುವಾದವನು. ಅವನು ಏಕೆ ಇದ್ದಾನೆ ಎಂಬ ಪ್ರಶ್ನೆ ನಮ್ಮಷ್ಟೇ ಅವನನ್ನೂ ಕಾಡಬೇಕು. ಅವನೂ ಇನ್ನೊಬ್ಬನ ಸಿಮ್ಯುಲೇಶನ್‌ನಲ್ಲಿರಬಹುದು ಎಂದು ಬೋಸ್ಟ್ರಾಮ್ ಅವರೇ ಹೇಳಿದ್ದಾರೆ. ಮಹಡಿಯ ಮೇಲೆ ಮಹಡಿ.

ಕ್ರೈಸ್ತರು ದೇವರೆನ್ನುವುದು ಅತ್ಯಂತ ಮೇಲಿನ ಮಹಡಿಯಲ್ಲಿ ವಾಸವಾಗಿರುವವನನ್ನಲ್ಲ. ಎಲ್ಲ ಮಹಡಿಗಳೂ ಇರುವುದು ಯಾರಿಂದಲೋ ಅವನನ್ನು. ‘ಶೂನ್ಯದಿಂದ ಸೃಷ್ಟಿ’ ಎಂಬ ಮಾತಿನ ಹುರುಳು ಇದೇ: ಬೇರೆ ಯಾವ ಸಾಮಗ್ರಿಯೂ, ಯಂತ್ರವೂ, ನಿಯಮವೂ ಅವನಿಗೆ ಮೊದಲೇ ಸಿದ್ಧವಾಗಿ ಸಿಕ್ಕಿರಲಿಲ್ಲ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್ಪರು ದೇವರನ್ನು ಕಾಣುವ ಮತ್ತು ಕಾಣದ ಸಮಸ್ತವನ್ನೂ ಉಂಟುಮಾಡಿದವನು ಎಂದು ಕರೆದರು. ಆ ‘ಕಾಣದ’ ಎಂಬ ಮಾತಿನೊಳಗೆ ದೇವದೂತರಿಗೆ ಜಾಗವಿತ್ತು. ಪ್ರೋಗ್ರಾಮರುಗಳಿದ್ದರೆ ಅವರಿಗೂ ಅಲ್ಲಿಯೇ ಜಾಗ, ನಮ್ಮ ಜೊತೆಯ ಸೃಷ್ಟಿಗಳಾಗಿ.

ಬೈಬಲಿನ ಕೊನೆಯ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಒಂದು ದೃಶ್ಯವಿದೆ. ಪರಲೋಕದ ಸಂಗತಿಗಳನ್ನು ತೋರಿಸಿದ ದೇವದೂತನ ಕಾಲಿಗೆ ಯೋಹಾನನು ಬೀಳುತ್ತಾನೆ. ದೂತನು ತಡೆಯುತ್ತಾನೆ. ಹೀಗೆ ಮಾಡಬೇಡ, ನಾನೂ ನಿನ್ನ ಹಾಗೆಯೇ ಒಬ್ಬ ದಾಸ, ಆರಾಧನೆ ದೇವರಿಗೆ ಸಲ್ಲಬೇಕು ಎನ್ನುತ್ತಾನೆ. ನಮ್ಮ ಲೋಕ ನಡೆಸುವ ಪ್ರೋಗ್ರಾಮರ್ ನಾಳೆ ಆಕಾಶದಲ್ಲಿ ಅಕ್ಷರ ಮೂಡಿಸಿ ತನ್ನ ಪರಿಚಯ ಹೇಳಿಕೊಂಡರೂ ಕ್ರೈಸ್ತನ ನಡತೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ. ಧರ್ಮವನ್ನು ನಂಬದ ಚಾಲ್ಮರ್ಸ್ ಅವರೂ ಇನ್ನೊಂದು ದಿಕ್ಕಿನಿಂದ ಇಲ್ಲಿಗೇ ಬರುತ್ತಾರೆ. ಲೋಕವನ್ನು ನಡೆಸುವ ಶಕ್ತಿ ಇದ್ದಮಾತ್ರಕ್ಕೆ ಯಾರೂ ಆರಾಧನೆಗೆ ಅರ್ಹರಾಗುವುದಿಲ್ಲ ಎಂಬುದು ಅವರ ನಿಲುವು.

ಆ ಪ್ರೋಗ್ರಾಮರನನ್ನೇ ಸೃಷ್ಟಿಕರ್ತನೆಂದು ಹಿಡಿದು, ಈ ಲೋಕ ಅವನು ಕಟ್ಟಿದ ಪಂಜರ, ಇದರಿಂದ ತಪ್ಪಿಸಿಕೊಳ್ಳುವುದೇ ಮುಕ್ತಿ ಎಂದು ಯಾರಾದರೂ ಹೇಳಿದರೆ ಅದು ಹಳೆಯ ದಾರಿಯೊಂದನ್ನು ಮತ್ತೆ ತುಳಿದಂತೆ. ಎರಡನೆಯ ಶತಮಾನದ ನಾಸ್ಟಿಕ್ ಪಂಥಗಳು ಇಂಥದ್ದನ್ನೇ ಹೇಳುತ್ತಿದ್ದವು. (ಈ ಹೆಸರಿಗೂ ‘ನಾಸ್ತಿಕ’ ಪದಕ್ಕೂ ಸಂಬಂಧವಿಲ್ಲ. ಇದು ಗ್ರೀಕಿನ ‘ಗ್ನೋಸಿಸ್’ ಪದದಿಂದ ಬಂದದ್ದು, ‘ಜ್ಞಾನ’ಕ್ಕೆ ದೂರದ ಬಂಧು.) ಕೀಳಾದ ಕೈಯೊಂದು ಈ ಭೌತಿಕ ಲೋಕವನ್ನು ಮಾಡಿತು, ಗುಪ್ತಜ್ಞಾನ ಪಡೆದವರು ಇಲ್ಲಿಂದ ಪಾರಾಗುತ್ತಾರೆ ಎಂಬುದು ಅವರ ಬೋಧನೆ. ಲಿಯಾನಿನ ಬಿಷಪ್ ಇರೇನಿಯಸ್ ಸುಮಾರು 180ರಲ್ಲಿ ಇದರ ವಿರುದ್ಧ ದೊಡ್ಡ ಗ್ರಂಥವನ್ನೇ ಬರೆದರು. ದೇವರು ತಾನು ಮಾಡಿದ್ದನ್ನು ನೋಡಿ ಒಳ್ಳೆಯದೆಂದು ಕಂಡನು ಎಂಬ ಆದಿಕಾಂಡದ ಮಾತನ್ನು ಬಿಟ್ಟುಕೊಡಲು ಸಭೆ ಅಂದು ಒಪ್ಪಲಿಲ್ಲ. ಇಂದೂ ಒಪ್ಪಲಾರದು. ಸಿಮ್ಯುಲೇಶನ್ ವಾದ ಕ್ರೈಸ್ತ ನಂಬಿಕೆಯೊಂದಿಗೆ ಮೊದಲ ಸಲ ನಿಜವಾಗಿ ಡಿಕ್ಕಿ ಹೊಡೆಯುವುದು ಇಲ್ಲಿ.

ಆತ್ಮದ ಪ್ರಶ್ನೆಯೂ ಇದೆ. ಆತ್ಮವನ್ನು ದೇವರು ನೇರವಾಗಿ ಸೃಷ್ಟಿಸುತ್ತಾನೆ ಎಂಬುದು ಕಥೋಲಿಕ ಬೋಧನೆ; 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅದನ್ನು ಮತ್ತೆ ಒತ್ತಿಹೇಳಿದರು. ಲೆಕ್ಕಾಚಾರ ನಡೆಸಿದ ಮಾತ್ರಕ್ಕೆ ಆತ್ಮ ಹುಟ್ಟುತ್ತದೆ ಎಂದರೆ ಈ ಬೋಧನೆಗೆ ಅದು ಒಗ್ಗುವುದಿಲ್ಲ. ಆದರೆ ತಂದೆತಾಯಿ ಮಗುವಿಗೆ ಜನ್ಮ ಕೊಡುವಾಗ ಆತ್ಮವನ್ನೂ ತಾವೇ ಮಾಡುತ್ತೇವೆಂದು ಭಾವಿಸುವುದಿಲ್ಲವಲ್ಲ. ಪ್ರೋಗ್ರಾಮರ್ ಮಾಡಿದ್ದು ಏರ್ಪಾಡು, ಉಸಿರೂದಿದವನು ದೇವರು ಎಂದು ಹೇಳುವುದರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಜಾಗ ಕ್ರಿಸ್ತನ ಮನುಷ್ಯಾವತಾರ. ವಿಡಿಯೊ ಗೇಮ್ ಆಡುವವರು ತಮ್ಮ ಪರವಾಗಿ ಒಂದು ಪಾತ್ರವನ್ನು ಒಳಗೆ ಕಳುಹಿಸುತ್ತಾರೆ. ಅದಕ್ಕೆ ಗುಂಡು ತಗುಲಿದರೆ ಆಡುವವನ ಕೈಯಲ್ಲಿರುವ ಚಹಾ ಕೂಡ ತುಳುಕುವುದಿಲ್ಲ. ಯೇಸು ಪ್ರೋಗ್ರಾಮರನ ಅಂಥ ಪಾತ್ರವಾಗಿದ್ದರೆ ಶಿಲುಬೆ ಒಂದು ನಟನೆ. ಕ್ರಿಸ್ತನು ತೋರಿಕೆಗೆ ಮಾತ್ರ ಮನುಷ್ಯನಾಗಿದ್ದನು, ತೋರಿಕೆಗೆ ಮಾತ್ರ ನೋವುಂಡನು ಎಂದವರು ಆದಿಸಭೆಯಲ್ಲೂ ಇದ್ದರು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಅವರನ್ನು ಸೈನಿಕರು ಸಂಕೋಲೆ ಹಾಕಿ ರೋಮಿಗೆ ಎಳೆದೊಯ್ಯುತ್ತಿದ್ದರು, ಕಾಡುಮೃಗಗಳ ಬಾಯಿಗೆ ಹಾಕಲು. ದಾರಿಯಲ್ಲಿ ಬರೆದ ಪತ್ರವೊಂದರಲ್ಲಿ ಅವರು ಕೇಳುತ್ತಾರೆ: ಆತನು ಅನುಭವಿಸಿದ್ದು ತೋರಿಕೆಯ ನೋವಾದರೆ ನಾನು ಈ ಬೇಡಿಗಳಲ್ಲಿರುವುದೇಕೆ? ಮಣಿಕಟ್ಟಿಗೆ ಕಬ್ಬಿಣ ಉಜ್ಜುತ್ತಿರುವಾಗ ಕೇಳಿದ ಪ್ರಶ್ನೆ ಇದು. ಇದರ ಮುಂದೆ ನನಗೆ ಬೇರೆ ಯಾವ ದೇವಶಾಸ್ತ್ರದ ವಾದವೂ ಇಷ್ಟು ಗಟ್ಟಿಯಾಗಿ ಕಾಣುವುದಿಲ್ಲ. 451ರಲ್ಲಿ ಕಾಲ್ಸಿಡೋನಿನಲ್ಲಿ ಸೇರಿದ ಬಿಷಪ್ಪರ ಸಭೆ ಕ್ರಿಸ್ತನು ನಿಜವಾದ ದೇವರು, ನಿಜವಾದ ಮನುಷ್ಯನು ಎಂದು ಕಟ್ಟುನಿಟ್ಟಾಗಿ ಬರೆದಿಟ್ಟದ್ದೂ ಈ ಜಾರುದಾರಿಯನ್ನು ಮುಚ್ಚುವುದಕ್ಕೇ.

ಹಾಗಾದರೆ ಬಿಟ್‌ಗಳ ಲೋಕದಲ್ಲಿ ದೇವರು ನಿಜವಾಗಿ ಮನುಷ್ಯನಾಗಬಲ್ಲನೇ? ‘ವಾಕ್ಯ’ವು (ಕ್ರಿಸ್ತನಿಗೆ ಯೋಹಾನನು ಕೊಡುವ ಹೆಸರು) ‘ಸಾರ್ಕ್ಸ್’ ಆಯಿತು ಎಂದು ಯೋಹಾನನು ಬರೆಯುತ್ತಾನೆ. ಆ ಗ್ರೀಕ್ ಪದಕ್ಕೆ ಮಾಂಸ ಎಂದೇ ಅರ್ಥ. ಆತನು ಧರಿಸಿಕೊಳ್ಳದೇ ಬಿಟ್ಟದ್ದು ಗುಣವಾಗದೇ ಉಳಿಯುತ್ತದೆ ಎಂದು ನಾಲ್ಕನೆಯ ಶತಮಾನದಲ್ಲಿ ನಾಜಿಯಾನ್ಜಸಿನ ಗ್ರೆಗರಿ ಬರೆದರು. ಇಲ್ಲಿರುವ ಷರತ್ತು ಒಂದೇ: ನನ್ನ ಮಾಂಸ ಏನೋ ಆತನ ಮಾಂಸವೂ ಅದೇ ಆಗಿರಬೇಕು. ನನ್ನ ದೇಹ ಕಾರ್ಬನ್ ಆಗಿದ್ದರೆ ಆತನದೂ ಕಾರ್ಬನ್. ನನ್ನದು ಮಾಹಿತಿಯಾಗಿದ್ದರೆ ಆತನದೂ ಮಾಹಿತಿ. ಪುನರುತ್ಥಾನದ ನಂತರ ಯೇಸು ಶಿಷ್ಯರ ಎದುರು ಸುಟ್ಟ ಮೀನನ್ನು ತಿಂದನೆಂದು ಲೂಕನು ಬರೆದಿದ್ದಾನೆ. ತೋಮನಿಗೆ ಗಾಯವನ್ನು ಮುಟ್ಟಿನೋಡಲು ಹೇಳಿದನೆಂದು ಯೋಹಾನನು ಬರೆದಿದ್ದಾನೆ. ಆ ಗಾಯ ಯಾವ ದ್ರವ್ಯದ್ದು ಎಂದು ತೋಮನು ಕೇಳಲಿಲ್ಲ. ಮೊಳೆ ಹೊಡೆಸಿಕೊಂಡವನೇ ಈಗ ಎದುರು ನಿಂತಿದ್ದಾನೆಯೇ ಎಂಬುದಷ್ಟೇ ಅವನಿಗೆ ಬೇಕಿತ್ತು.

ಒಂದು ತೊಡಕನ್ನು ಮಾತ್ರ ನಾನು ಬಿಡಿಸಲಾರೆ. ಪುನರುತ್ಥಾನ ನಡೆಯದಿದ್ದರೆ ನಮ್ಮ ಬೋಧನೆಯೂ ನಿಮ್ಮ ನಂಬಿಕೆಯೂ ಹುರುಳಿಲ್ಲದ್ದು ಎಂದು ಪೌಲನು ಕೊರಿಂಥದವರಿಗೆ ನೇರವಾಗಿ ಬರೆದನು. ಖಾಲಿ ಸಮಾಧಿಯನ್ನು ಪ್ರೋಗ್ರಾಮರನೂ ಸಲೀಸಾಗಿ ಮಾಡಬಲ್ಲ. ಎರಡು ಸಾಲು ಬದಲಿಸಿದರೆ ಆಯಿತು. ಹಾಗಾಗಿ ಸಿಮ್ಯುಲೇಶನ್ ವಾದವನ್ನು ನಿಜವಾಗಿ ಒಪ್ಪಿದವನಿಗೆ ಅದ್ಭುತಗಳು ಸಾಕ್ಷಿಯಾಗಿ ತೂಕ ಕಳೆದುಕೊಳ್ಳುತ್ತವೆ. 1641ರಲ್ಲಿ ದೆಕಾರ್ತ್ ತನ್ನನ್ನು ಎಲ್ಲದರಲ್ಲೂ ವಂಚಿಸಬಲ್ಲ ದುಷ್ಟ ಶಕ್ತಿಯೊಂದನ್ನು ಕಲ್ಪಿಸಿಕೊಂಡು, ದೇವರು ಮೋಸಗಾರನಲ್ಲ ಎಂಬ ಭರವಸೆಯ ಮೇಲೆ ಆ ಗುಂಡಿಯಿಂದ ಮೇಲೆ ಬಂದರು. ಕ್ರೈಸ್ತನಿಗೂ ಹಿಡಿಯಲು ಉಳಿಯುವುದು ಅದೇ ಹಗ್ಗ: ಮಹಡಿಗಳು ಎಷ್ಟೇ ಇರಲಿ, ಕೊನೆಯ ಮಾತು ಸತ್ಯವಂತನಾದ ದೇವರದು, ತನ್ನ ಮಗನ ವಿಷಯದಲ್ಲಿ ಆತನು ಯಾವ ಮಧ್ಯವರ್ತಿಗೂ ಮೋಸಮಾಡಲು ಬಿಡನು. ಇದು ನಂಬಿಕೆಯ ಮಾತೇ. ಹೊರಗಿನ ಪುರಾವೆಯಿಂದ ಇದನ್ನು ಗಟ್ಟಿಮಾಡಿಕೊಡುತ್ತೇನೆಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಮೇಲಿನ ಮಹಡಿಯವರಿಗೂ ರಕ್ಷಣೆ ಬೇಡವೇ, ಅವರಿಗಾಗಿ ಕ್ರಿಸ್ತನು ಬಂದನೇ ಎಂದು ಕೇಳುವವರಿದ್ದಾರೆ. ಇದೂ ಹೊಸದಲ್ಲ. ದೇವರು ಅನೇಕ ಲೋಕಗಳನ್ನು ಮಾಡಲಾರನು ಎಂಬ ವಾದವನ್ನು ಪ್ಯಾರಿಸ್ಸಿನ ಬಿಷಪ್ 1277ರಲ್ಲಿ ಖಂಡಿಸಿದ್ದರು. ದೈವವ್ಯಕ್ತಿ ಒಂದಕ್ಕಿಂತ ಹೆಚ್ಚು ಮನುಷ್ಯಸ್ವಭಾವವನ್ನು ಧರಿಸಬಲ್ಲದು ಎಂದು ಅಕ್ವಿನಾಸ್ ಅದಕ್ಕೂ ಮುಂಚೆಯೇ ಒಪ್ಪಿದ್ದರು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಬೋಸ್ಟ್ರಾಮ್ ಅವರ ಪ್ರಬಂಧದಲ್ಲೇ ಹಾದುಹೋಗುವ ಒಂದು ಸಣ್ಣ ಮಾತು. ಇಡೀ ಮನುಕುಲವನ್ನು ನಡೆಸುವ ಬದಲು ಒಬ್ಬನನ್ನೋ ಕೆಲವರನ್ನೋ ಮಾತ್ರ ಪೂರ್ತಿಯಾಗಿ ನಡೆಸಿ, ಉಳಿದವರನ್ನು ಒಳಗೆ ಅನುಭವವೇ ಇಲ್ಲದ ‘ನೆರಳು ಜನ’ರಾಗಿ ಇಡುವ ಸಿಮ್ಯುಲೇಶನ್ ಕೂಡ ಸಾಧ್ಯ ಎಂದು ಅವರು ಬರೆದಿದ್ದಾರೆ. ಅಂಥವು ಹೆಚ್ಚಾಗಿರಲಾರವು ಎಂದೇ ಅವರ ಎಣಿಕೆ. ಆದರೆ ಆ ಆಲೋಚನೆ ತಲೆಗೆ ಹೊಕ್ಕವನ ಕಣ್ಣಿಗೆ ಪಕ್ಕದ ಹಾಸಿಗೆಯಲ್ಲಿ ನರಳುವವರು ಬೇರೆಯಾಗಿಯೇ ಕಾಣತೊಡಗಬಹುದು. ನೋವು ಇದೆಯೋ, ಇರುವಂತೆ ಕಾಣುತ್ತಿದೆಯೋ ಎಂದು ಅವನು ಅಳೆಯಲು ನಿಲ್ಲಬಹುದು. ಪ್ರತಿಯೊಬ್ಬರೂ ದೇವರ ಸ್ವರೂಪದಲ್ಲಿ ಉಂಟಾದವರು ಎಂಬ ಆದಿಕಾಂಡದ ಮಾತಿನೊಂದಿಗೆ ಈ ಅಳತೆ ಎಂದೂ ಹೊಂದುವುದಿಲ್ಲ. ಪ್ರೋಗ್ರಾಮರನಿಗೆ ಜಾಗ ಮಾಡಿಕೊಡಬಹುದು, ಬಿಟ್‌ಗಳಿಗೆ ಮಾಡಿಕೊಡಬಹುದು, ಇದಕ್ಕೆ ಸಾಧ್ಯವಿಲ್ಲ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ನ್ಯಾಯತೀರ್ಪಿನಲ್ಲಿ ಅರಸನು ಕೇಳುವುದು ನಾನು ಹಸಿದಿದ್ದಾಗ ಊಟ ಕೊಟ್ಟಿರಾ, ರೋಗದಲ್ಲಿದ್ದಾಗ ನೋಡಲು ಬಂದಿರಾ, ಸೆರೆಮನೆಯಲ್ಲಿದ್ದಾಗ ಬಳಿಗೆ ಬಂದಿರಾ ಎಂದು. ಆ ಹಸಿದವನು ನಿಜದವನೋ ನೆರಳಿನವನೋ ಎಂದು ಮೊದಲು ಪರೀಕ್ಷಿಸಿದಿರಾ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ.